ಒಣ ಚರಂಡಿಯ ಕುರಿತು ಎಂಜಿನಿಯರ್ ಸಾಹೇಬರಿಗೊಂದು ಬಿನ್ನಹ

ನಗರಸಭೆಯ ಚರಂಡಿ ವಿಭಾಗದ ಮಾನ್ಯ ಎಂಜಿನಿಯರ್ ಸಾಹೇಬರಿಗೆ, ಕೆಳಗಿನ ಬೀದಿಯ ಕೊನೆಯ ಮನೆಯ ಹೆಂಗಸು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವೂ, ತಮ್ಮ ಮನೆಯವರೂ, ತಮ್ಮ ಕಚೇರಿಯ ಮೇಜು ಕುರ್ಚಿಗಳೂ ಕ್ಷೇಮವಾಗಿ, ಮುಖ್ಯವಾಗಿ ಒಣಗಿಕೊಂಡು, ಇರುವಿರೆಂದು ನಂಬಿದ್ದೇನೆ.

ಮಾನ್ಯರೇ, ಇವತ್ತು ನನ್ನ ಉಪವಾಸ. ಬೆಳಿಗ್ಗೆ ಎದ್ದು ಸ್ನಾನ, ಪ್ರಾರ್ಥನೆ ಮುಗಿಸಿ ಪೊರಕೆ ಹಿಡಿದರೆ, ರಾತ್ರಿಯೆಲ್ಲ ಮಳೆ ಸುರಿದಿದ್ದರೂ ನೆಲದ ಮೇಲೆ ಧೂಳು ಸಿಕ್ಕಿತು. ಮಳೆಗಾಲ ಹಿಡಿದಾಗಿನಿಂದ ಅಡುಗೆಮನೆಯ ನೀರನ್ನು ನಡುಮನೆಗೆ, ನಡುಮನೆಯ ನೀರನ್ನು ಹೊಸ್ತಿಲಾಚೆಗೆ ತಳ್ಳುವುದೇ ಕೆಲಸವಾಗಿದ್ದ ನನಗೆ, ಆ ಧೂಳನ್ನು ಕಣ್ಣಿಗೆ ಒತ್ತಿಕೊಳ್ಳಬೇಕು ಎನ್ನುವಷ್ಟು ಸಂತೋಷವಾಯಿತು. ಈ ಭಾಗ್ಯ ನಾಳೆಗೆ ಮುಗಿಯುತ್ತದೆಂದು ತಮ್ಮ ನೋಟಿಸು ಬಾಗಿಲಿಗೆ ಅಂಟಿದೆ. ಉಪವಾಸದ ದಿನ ಬೈಗುಳ ಬಾಯಿಗೆ ಬಂದರೆ ವ್ರತ ಕೆಡುತ್ತದಾದ್ದರಿಂದ, ಈ ಪತ್ರದಲ್ಲಿ ತಮ್ಮನ್ನು ಹೊಗಳುವುದನ್ನು ಬಿಟ್ಟು ನನಗೆ ಬೇರೆ ದಾರಿಯಿಲ್ಲ.

ಮೊದಲಿಗೆ ತಮ್ಮ ಚರಂಡಿಯನ್ನೇ ಹೊಗಳುತ್ತೇನೆ. ಅದನ್ನು ಕಟ್ಟಿಸಿ, ಮೇಲೆ ಚಪ್ಪಡಿ ಹಾಸಿ, ಮಳೆನೀರು ಇಳಿಯಲೆಂದು ಮನೆಮನೆಯ ಮುಂದೆ ಒಂದೊಂದು ಬಾಯಿ ಬಿಡಿಸಿದವರು ತಾವೇ; ಆಮೇಲೆ ಧ್ವನಿವರ್ಧಕದ ಗಾಡಿ ಕಳಿಸಿ, ಚರಂಡಿಯ ಬಾಯಿಂದ ಸೊಳ್ಳೆ ಬರುತ್ತವೆ, ತೆರೆದಿಟ್ಟವರಿಗೆ ದಂಡ ಬೀಳುತ್ತದೆ ಎಂದು ಕೂಗಿಸಿದ್ದೂ ತಮ್ಮ ಕಚೇರಿಯೇ. ನಾವು ಹೇಳಿದ ಮಾತು ಕೇಳುವ ಜನ. ಒಂದೇ ಭಾನುವಾರದಲ್ಲಿ ಬೀದಿಗೆ ಬೀದಿಯೇ ಕರಣೆ ಹಿಡಿದು ಆ ಬಾಯಿಗಳಿಗೆಲ್ಲ ಸಿಮೆಂಟ್ ಮೆತ್ತಿತು. ಮೂಲೆಯ ದರ್ಜಿ ತನ್ನ ಅಂಗಡಿಯೆದುರಿನ ಹಸಿ ಸಿಮೆಂಟಿನ ಮೇಲೆ ಒಂದು ಹೂವನ್ನೂ ಬರೆದ. ಪಕ್ಕದ ಮನೆಯ ಬಸ್ಸಿನ ಮಾವ, ಅಂದರೆ ನಿವೃತ್ತ ಡ್ರೈವರು, ತಮ್ಮದನ್ನು ಮುಚ್ಚಿದ್ದಲ್ಲದೆ, ಊರಿಗೆ ಹೋಗಿದ್ದವರ ಮನೆಯದನ್ನೂ ಉಪಕಾರಕ್ಕೆಂದು ಮುಚ್ಚಿಕೊಟ್ಟರು. ಮಳೆ ಬಂದರೆ ನೀರು ಎಲ್ಲಿಂದ ಇಳಿಯಬೇಕೆಂದು ನಮಗೂ ಹೊಳೆಯಲಿಲ್ಲ, ಗಾಡಿಯೂ ಹೇಳಲಿಲ್ಲ.

ಹೀಗಾಗಿ ಮಾನ್ಯರೇ, ಈ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಒಣಗಿದ್ದ ಜಾಗವೆಂದರೆ ತಮ್ಮ ಚರಂಡಿಯ ಒಳಗು ಒಂದೇ. ಆಚೆ ಕೊನೆಯಲ್ಲಿ ಅದು ಹಳ್ಳಕ್ಕೆ ತೆರೆದುಕೊಳ್ಳುವ ಕಡೆಯಿಂದ ಒಂದು ಬೆಕ್ಕು ನುಗ್ಗಿ, ನಾವು ಮೇಲೆ ಮೊಣಕಾಲುದ್ದ ನೀರಿನಲ್ಲಿ ಪಾತ್ರೆ ಹಿಡಿದು ನಿಂತಿದ್ದಾಗ, ಕೆಳಗೆ ಬೆಚ್ಚಗೆ ಮರಿ ಹಾಕಿಕೊಂಡು ಸಂಸಾರ ಹೂಡಿತು. ಮಳೆ ನಿಲ್ಲುವವರೆಗೆ ನಮಗೂ ಅಲ್ಲೊಂದು ಪಾಲು ಕೊಡಿಸಿ ಎಂದು ಕೇಳುವ ಮನಸ್ಸಾಗಿತ್ತು, ಬೆಕ್ಕು ಏನೆಂದುಕೊಂಡೀತೋ ಎಂದು ಸುಮ್ಮನಾದೆ.

ಇನ್ನು ನಮ್ಮ ಅತ್ತೆಯವರ ವಿಷಯ. ಅವರಿಗೆ ಸೊಂಟದ ಮೂಳೆ ಮುರಿದು ಕೂಡಿದೆ. ಆದರೂ ಕೋಲೂರಿಕೊಂಡು ಬಚ್ಚಲಿಗೆ ತಾವೇ ಹೋಗಿಬರಬೇಕು, ಯಾರೂ ಕೈ ಹಿಡಿಯಕೂಡದು, ಅದು ಅವರ ಹಟ. ಮನೆಗೆ ನೀರು ನುಗ್ಗತೊಡಗಿದ ಮೇಲೆ ಅವರ ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟೆವು; ಮಳೆ ಜೋರಾದಂತೆಲ್ಲ ಇಟ್ಟಿಗೆಯ ಮೇಲೆ ಇಟ್ಟಿಗೆ ಏರಿ, ಕೊನೆಗೆ ಫ್ಯಾನು ಹಾಕಲು ಹೆದರುವಷ್ಟು ಎತ್ತರಕ್ಕೆ ಹೋದರು. ಅಲ್ಲಿಂದ ಅವರಿಗೆ ಬೀರುವಿನ ನೆತ್ತಿ ಕಂಡಿತು. "ಏನೇ, ಇದರ ತಲೆ ಮೇಲೆ ಒಂದು ಸಲ ಬಟ್ಟೆ ಆಡಿಸಬಾರದಾ? ಮುದುಕಿ ಇಷ್ಟು ಮೇಲಕ್ಕೆ ಬರಲ್ಲ ಅಂದ್ಕೊಂಡಿದ್ಯಾ?" ಎಂದು ಕೇಳಿದರು. ತಮ್ಮ ಚರಂಡಿಯ ದೆಸೆಯಿಂದ ನನಗೆ ಇಂಥ ಉಪದೇಶಗಳು ಧಾರಾಳವಾಗಿ ದೊರೆತವು.

ಆದರೆ ಅಷ್ಟೆತ್ತರದಿಂದ ಅವರು ತಾವಾಗಿ ಇಳಿಯುವಂತಿರಲಿಲ್ಲ. ನಾನೂ ನಮ್ಮ ಮನೆಯವರೂ ಸೇರಿ ಎತ್ತಿ ಇಳಿಸಬೇಕು, ನೀರಿನಲ್ಲಿ ಹೊತ್ತುಕೊಂಡು ಹೋಗಬೇಕು. ಮಾತು ನಿಲ್ಲಿಸುವುದೇ ಗೊತ್ತಿಲ್ಲದ ನಮ್ಮ ಅತ್ತೆ, ಹೊತ್ತುಕೊಂಡಷ್ಟು ಹೊತ್ತೂ ಕಣ್ಣು ಮುಚ್ಚಿ ತುಟಿ ಬಿಗಿದಿರುತ್ತಿದ್ದರು. ಮತ್ತೆ ಮತ್ತೆ ಇಳಿಸಬೇಕಾಗುತ್ತದೆಂದು ಕುಡಿಯುವ ನೀರನ್ನೇ ಕಡಿಮೆ ಮಾಡಿಬಿಟ್ಟರು. ಮನೆ ತುಂಬ ನೀರು, ಅವರ ಲೋಟ ಮಾತ್ರ ತುಂಬಿದ್ದು ತುಂಬಿದ ಹಾಗೆಯೇ. ಇದಕ್ಕೆ ಹೊಗಳಿಕೆಯ ಮಾತು ಹುಡುಕಿದೆ, ಸಿಗಲಿಲ್ಲ, ಕ್ಷಮಿಸಬೇಕು.

ದೂರು ಕೊಟ್ಟೆವು. ತಾವು ದೊಡ್ಡ ಮನಸ್ಸು ಮಾಡಿ ಒಬ್ಬ ಪರಿಶೀಲಕರನ್ನು, ಒಳ್ಳೆಯ ಬಿಸಿಲಿನ ದಿನವನ್ನೇ ಆರಿಸಿ, ಕಳಿಸಿಕೊಟ್ಟಿರಿ. ಅವರು ಹಳ್ಳದ ಕಡೆ ಬೋರಲು ಮಲಗಿ, ಒಳಗೆ ಟಾರ್ಚು ಬಿಟ್ಟು, "ಒಂದು ಹನಿ ನೀರು ನಿಂತಿಲ್ಲವಲ್ಲಮ್ಮ, ಇಷ್ಟು ಚೊಕ್ಕ ಚರಂಡಿ ನಾನು ನೋಡೇ ಇಲ್ಲ" ಅಂದರು. "ನೀರು ಚರಂಡೀಲಿಲ್ಲ ಸ್ವಾಮಿ, ನಮ್ಮನೇಲಿದೆ" ಅಂದೆ. "ಚರಂಡಿ ಒಳಗಿನ ನೀರಷ್ಟೇ ನಮ್ಮ ವಿಭಾಗದ್ದು, ಮನೆ ಒಳಗಿನದು ನಮಗೆ ಬರಲ್ಲ" ಎಂದು ವಿನಯವಾಗಿ ತಿಳಿಸಿ, ದೂರು ಬಗೆಹರಿದಿದೆ ಎಂದು ಬರೆದುಕೊಂಡು ಹೋದರು.

ಮುಂದಿನ ಮಳೆಗೆ ಬಸ್ಸಿನ ಮಾವನ ಹೊಸ ಚಪ್ಪಲಿಯೊಂದು ಮೆಟ್ಟಿಲಿನಿಂದ ತೇಲಿ ದರ್ಜಿ ಅಂಗಡಿಯ ಕಡೆ ಹೊರಟಿತು. ಎಷ್ಟು ಕೂಗಿದರೂ ನಿಲ್ಲಲಿಲ್ಲ. ಆ ಸಿಟ್ಟಿಗೆ ಅವರು ಹಾರೆ ತಂದು ತಾವೇ ಮೆತ್ತಿದ ಸಿಮೆಂಟನ್ನು ಕುಟ್ಟತೊಡಗಿದರು. ಅವರ ಹೆಂಡತಿ ಕಿಟಕಿಯಿಂದ, "ಮುಚ್ಚೋದೂ ನೀವೇ, ಒಡೆಯೋದೂ ನೀವೇ! ಅವತ್ತೇ ಸುಮ್ಮನೆ ಮಲಗಿದ್ರೆ ಎರಡು ಕೆಲಸ ಉಳೀತಿತ್ತಲ್ಲ!" ಎಂದರು. ತೂತು ಬಿದ್ದದ್ದೇ ತಡ, ಬೀದಿಯ ನೀರು ಸುಳಿ ಸುಳಿಯಾಗಿ, ಗಟಗಟನೆ ಸದ್ದು ಮಾಡುತ್ತ ಒಳಗಿಳಿಯಿತು. ನಾವೆಲ್ಲ ಸುತ್ತ ನಿಂತು ಬಾಯಿ ಬಿಟ್ಟುಕೊಂಡು ನೋಡಿದೆವು. ಬೆಕ್ಕು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹಳ್ಳದ ಕಡೆಯಿಂದ ಹೊರಬಂದು, ಮನೆ ಖಾಲಿ ಮಾಡಿಸಿದವರನ್ನು ನೋಡುವ ಹಾಗೆ ನಮ್ಮನ್ನು ನೋಡಿ, ದರ್ಜಿಯ ಚಿಂದಿ ಬುಟ್ಟಿಗೆ ಬಿಡಾರ ಬದಲಿಸಿತು.

ಅವತ್ತು ಸಂಜೆ ಮಂಚದ ಕೆಳಗಿನ ಇಟ್ಟಿಗೆಗಳನ್ನು ತೆಗೆದೆವು. ಅತ್ತೆ ಒಣ ನೆಲದ ಮೇಲೆ ಕಾಲೂರಿ, ಕೋಲು ಹಿಡಿದು, ನಿಧಾನವಾಗಿ ಬಚ್ಚಲಿಗೆ ನಡೆದರು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು. ನಾನು ನಿಂತಲ್ಲೇ ದೇವರಿಗೆ ಕೈಮುಗಿದೆ.

ಇಲ್ಲಿ ತಮ್ಮ ಚುರುಕುತನವನ್ನು ಮೆಚ್ಚಲೇಬೇಕು. ನೀರು ನುಗ್ಗಿದಾಗ ಬಾರದಿದ್ದ ಕಚೇರಿ, ನೀರು ಇಳಿದದ್ದು ತಿಳಿದು ಓಡಿಬಂತು. ಸಾರ್ವಜನಿಕ ಚರಂಡಿಗೆ ಹಾನಿಯಾಗಿದೆ, ಅದರೊಳಗೆ ಮಳೆನೀರು ಹರಿಯುತ್ತಿರುವುದು ಕಂಡುಬಂದಿದೆ, ಆದ ಕಾರಣ ನಾಳೆ ಬೆಳಿಗ್ಗೆ ತೂತನ್ನು ಮುಚ್ಚಲಾಗುವುದು ಎಂದು ನೋಟಿಸು ಹೇಳುತ್ತದೆ. ಮುಚ್ಚಲೇಬೇಕೆಂದಿದ್ದರೆ, ಮೋಡಗಳಿಗೂ ಇಂಥದೇ ಒಂದು ನೋಟಿಸು ಅಂಟಿಸುವ ಕೃಪೆಯಾಗಲಿ. ಅದು ಕೈಲಾಗದಿದ್ದರೆ, ನಮ್ಮ ಮನೆಯನ್ನೇ ಚರಂಡಿಯೆಂದು ಘೋಷಿಸಿಬಿಡಿ. ಆಗ ಅದರೊಳಗಿನ ನೀರು ತಮ್ಮ ವಿಭಾಗಕ್ಕೆ ಬರುತ್ತದೆ, ಪರಿಶೀಲಕರು ಬೋರಲು ಮಲಗುವುದೂ ಬೇಡ, ಬಾಗಿಲಿನಿಂದಲೇ ಬರಬಹುದು. ಇದೂ ಕಷ್ಟವೆನ್ನುವುದಾದರೆ, ಆ ತೂತಿಗೊಂದು ಕಬ್ಬಿಣದ ಜಾಲರಿ ಹಾಕಿಸಿ, ಉಳಿದ ಬಾಯಿಗಳನ್ನೂ ಬಿಡಿಸಿಕೊಟ್ಟರೆ ಸಾಕು. ದರ್ಜಿ ತನ್ನ ಹೂವನ್ನು ಬಿಟ್ಟುಕೊಡಲು ಒಪ್ಪಿದ್ದಾನೆ.

ಇಂತಿ, ನೀರು ಇಳಿಯುವವರೆಗೂ, ಇಳಿದ ಮೇಲೂ
ತಮ್ಮ ವಿಶ್ವಾಸಿ,
ಕೊನೆಯ ಮನೆಯ ಸೊಸೆ

ವಿ.ಸೂ.: ನಾಳೆ ತಮ್ಮವರು ಸಿಮೆಂಟಿನ ಬಾಂಡ್ಲಿ ಹೊತ್ತು ಬರುವ ಹೊತ್ತಿಗೆ ನಾನು ಪ್ರಾರ್ಥನೆಯ ಪುಸ್ತಕ ಹಿಡಿದು ಆ ತೂತಿನ ಪಕ್ಕದಲ್ಲೇ ಕುಳಿತಿರುತ್ತೇನೆ. ಈ ಮಾತು ಕೇಳಿ ಅತ್ತೆ, "ನನಗೂ ಒಂದು ಕುರ್ಚಿ ಹಾಕು, ನಡಕೊಂಡೇ ಬರ್ತೀನಿ, ಅಲ್ಲಿಂದ ನನ್ನನ್ನು ಎತ್ತೋರು ಯಾರು ಬರ್ತಾರೋ ನೋಡೇಬಿಡೋಣ" ಎಂದಿದ್ದಾರೆ. ನಾವಿಬ್ಬರೂ ಜಾಗ ಬಿಟ್ಟು ಏಳುವಂತಿಲ್ಲವಾದ್ದರಿಂದ, ತಮ್ಮ ಉತ್ತರವನ್ನು ಅಂಚೆಗೆ ಹಾಕದೆ ಯಾರ ಕೈಯಲ್ಲಾದರೂ ಅಲ್ಲಿಗೇ ತರಿಸಿಕೊಡಬೇಕಾಗಿ ಪ್ರಾರ್ಥನೆ.