ಸೈನ್ಯ ಸೇರದವರ ಚಾಕು

ಗಂಡಸರ ಕಿಸೆಯಲ್ಲಿ ಏನಿದೆ ಎಂದು ನೋಡಿದರೆ ಸಾಕು, ತಲೆಯಲ್ಲಿ ಏನಿದೆ ಎಂದು ಬೇರೆ ಕೇಳಬೇಕಾಗಿಲ್ಲ. ಇದು ಮದುವೆಯಾದ ಮೇಲೆ ನಾನು ಕಂಡುಕೊಂಡ ಸತ್ಯ. ನಮ್ಮ ಯಜಮಾನರ ಕಿಸೆಯಲ್ಲಿ ಮೊದಲು ಒಂದು ಕರವಸ್ತ್ರ, ಮಿಲ್ಲಿನ ಗೇಟ್ ಪಾಸು, ಹಲ್ಲುಸಂದಿ ಕೆದಕುವ ಕಡ್ಡಿ, ಇಷ್ಟೇ ಇರುತ್ತಿದ್ದವು. ತಲೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಸಂಸಾರ ನೆಮ್ಮದಿಯಾಗಿತ್ತು. ಈಗ ಆ ಕಿಸೆಯಲ್ಲಿ ಮಡಚುವ ಮಿಲಿಟರಿ ಚಾಕು ಬಂದು ಕೂತಿದೆ, ತಲೆಯಲ್ಲಿ ಮೂರು ದೇಶಗಳ ಸೈನ್ಯ ಬಿಡಾರ ಹೂಡಿದೆ.

ಸೈನ್ಯ ಎಂದರೆ ನೀವು ತಪ್ಪು ತಿಳಿಯಬೇಡಿ. ಇವರು ದಾಂಡೇಲಿಯ ಒಂದು ಮಿಲ್ಲಿನಲ್ಲಿ ಸ್ಟೋರ್ ಕೀಪರ್. ಇವರಿಗೂ ಸೈನ್ಯಕ್ಕೂ ಇರುವ ಸಂಬಂಧವೆಂದರೆ, ಕಾಲೇಜಿನಲ್ಲಿದ್ದಾಗ ಪರೇಡು ಮುಗಿದ ಮೇಲೆ ಕೊಡುತ್ತಿದ್ದ ಪೂರಿ-ಬಾಜಿ. ಪರೇಡಿನ ಹೆಜ್ಜೆ ಇವರಿಗೆ ನೆನಪಿಲ್ಲ, ಬಾಜಿಯ ರುಚಿ ನೆನಪಿದೆ. ಅಂಥವರು ಮೊಬೈಲಿನಲ್ಲಿ ಯಾವನೋ ಗಡ್ಡದ ವಿದೇಶಿ ಕಾಡಿನೊಳಗೆ ಕೂತು ಚಾಕು ಹೋಲಿಸುವುದನ್ನು ನೋಡಿದರು, ಅಷ್ಟೇ, ಕೆಟ್ಟರು. ಇದಕ್ಕೆ 'ಎವ್ರಿಡೇ ಕ್ಯಾರಿ' ಎನ್ನುತ್ತಾರಂತೆ. ಗಂಡಸಾದವನು ದಿನಾಲೂ ಮೈಮೇಲೆ ಇಟ್ಟುಕೊಳ್ಳಲೇಬೇಕಾದ ಸಾಮಾನು. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: "ಯಾವಾಗ ಏನ್ ಬೇಕಾಗ್ತೈತಿ ಅಂತ ಹೇಳಾಕ ಬರೂದಿಲ್ಲ." ಕಾಡಂತೆ! ನಮ್ಮ ಕಾಂಪೌಂಡಿನ ಹಿಂದಿನಿಂದಲೇ ಕಾಡು ಶುರುವಾಗುತ್ತದೆ. ಕತ್ತಲಾದ ಮೇಲೆ ಕಸದ ಬುಟ್ಟಿ ಹೊರಗಿಡಲು ಇವರಿಗೆ ಟಾರ್ಚೂ ಬೇಕು, ಜೊತೆಗೆ ನಾನೂ ಬೇಕು. ಇನ್ನು ಮಿಲ್ಲಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಚಾಕುವನ್ನು ಒಳಗೆ ಬಿಡುವುದಿಲ್ಲ, ತನ್ನ ಡ್ರಾವರಿನಲ್ಲಿ ಹಾಕಿಕೊಳ್ಳುತ್ತಾನೆ, ಸಂಜೆ ವಾಪಸು ಕೊಡುತ್ತಾನೆ. ಹೀಗಾಗಿ ಎವ್ರಿಡೇ ಕ್ಯಾರಿ ಎಂದರೆ ದಿನಾಲೂ ಮನೆಯಿಂದ ಗೇಟಿನವರೆಗೆ, ಗೇಟಿನಿಂದ ಮನೆಯವರೆಗೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಮೊದಲು ಬಂದದ್ದು ಸ್ವಿಸ್ ಸೈನಿಕರ ಚಾಕು. ಯುದ್ಧದ ಗೋಜಿಗೇ ಹೋಗದ ದೇಶ ಅದು. ಅದರ ಸೈನಿಕರಿಗೆ ಸ್ಕ್ರೂ ತಿರುಗಿಸುವುದು, ಡಬ್ಬಿ ತೆಗೆಯುವುದು ಬಿಟ್ಟರೆ ಬೇರೆ ಕೆಲಸ ಇದ್ದಂತಿಲ್ಲ. ಆಮೇಲೆ ಜರ್ಮನಿಯದು ಬಂತು. ಹಸಿರು ಹಿಡಿಕೆ, ಒಂದು ಕಡೆ ಗರಗಸ, ಇನ್ನೊಂದು ಕಡೆ ವೈನ್ ಬಾಟಲಿಯ ಬಿರಡೆ ಕೀಳುವ ಸುರುಳಿ ಕಡ್ಡಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಶಿವರಾತ್ರಿ-ಸೋಮವಾರ ಎಂದು ಉಪವಾಸ ಮಾಡುವ ಮನುಷ್ಯ ಬಿರಡೆ ಕೀಳುವ ಸುರುಳಿ ತಂದಿದ್ದಾನಲ್ಲ ಎಂದು ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೂ ಆ ಸುರುಳಿ ಉಪಯೋಗಕ್ಕೆ ಬಂದದ್ದು ಬಚ್ಚಲ ಪೈಪಿನಲ್ಲಿ ಸಿಕ್ಕಿಕೊಂಡಿದ್ದ ನನ್ನ ಕೂದಲು ಎಳೆಯಲು. ಗರಗಸಕ್ಕೆ ಆ ಭಾಗ್ಯವೂ ಇರಲಿಲ್ಲ. ಪಕ್ಕದ ಊರು ಗಣೇಶಗುಡಿಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದಾಗ ಇವರು ರಸ್ತೆ ಬದಿಯ ಒಣ ಟೊಂಗೆಯೊಂದರ ಮೇಲೆ ಗರಗಸ ಇಟ್ಟು ನಾಲ್ಕು ಸಲ ಎಳೆದಿರಬೇಕು, ಎಲ್ಲಿದ್ದನೋ ಫಾರೆಸ್ಟ್ ಗಾರ್ಡು, ಪ್ರತ್ಯಕ್ಷನಾದ. ಬೈಯಲಿಲ್ಲ ಪಾಪ. ಚಾಕುವನ್ನು ನೋಡಿ, "ಸಾಹೇಬ್ರ, ಸಾಮಾನು ಭಾಳ ಚಲೋ ಐತಿ. ಒಳಗ ಇಡ್ರಿ," ಎಂದ. ಇವರು ಒಳಗಿಟ್ಟರು. ಅಂದಿನಿಂದ ಜರ್ಮನಿಯ ಸೈನ್ಯ ನಮ್ಮ ಶೋಕೇಸಿನಲ್ಲಿ ಶರಣಾಗಿ ಕೂತಿದೆ.

ಚಾಕು ಹೋಲಿಸುವುದೆಂದರೆ ಬರೀ ನೋಡುವುದಲ್ಲ. ನಾನು ಬೆಲ್ಲ ತೂಗುವ ತಕ್ಕಡಿಯಲ್ಲಿ ತೂಗುತ್ತಾರೆ. ನಾನು ಶಾಲೆಯಿಂದ ತಿದ್ದಲು ತಂದ ಉತ್ತರಪತ್ರಿಕೆಗಳ ನಡುವಿನಿಂದ ಖಾಲಿ ಹಾಳೆ ಎಳೆದು ಗಾಳಿಯಲ್ಲಿ ಹಿಡಿದು ಕೊಯ್ಯುತ್ತಾರೆ. ಎಡಗೈಯ ಕೂದಲು ಬೋಳಿಸಿ ಹರಿತ ನೋಡುತ್ತಾರೆ; ಒಂದು ಕೈ ಕರಡಿಯದು, ಇನ್ನೊಂದು ಕೈ ಕೂಸಿನದು ಎಂಬಂತಾಗಿದೆ. ಇಷ್ಟೆಲ್ಲ ಆದ ಮೇಲೆ ಟೊಮೆಟೊ ಹೆಚ್ಚಲು ಕೊಟ್ಟರೆ ಮಾತ್ರ, "ಅದರ ಸ್ಪ್ರಿಂಗಿನ್ಯಾಗ ರಸ ಹೊಕ್ಕತೈತಿ," ಎಂದು ಮುಚ್ಚಿ ಕಿಸೆಗೆ ಹಾಕುತ್ತಾರೆ. ಹೆಚ್ಚಲು ನನ್ನ ಈಳಿಗೆಯೇ ಗತಿ. ಆ ಈಳಿಗೆ ಯಾವ ಸೈನ್ಯದ್ದೂ ಅಲ್ಲ. ಆದರೆ ಸೋರೆಕಾಯಿಯಿಂದ ಕೊಬ್ಬರಿಯವರೆಗೆ ಎಲ್ಲವನ್ನೂ ಗೆದ್ದಿದೆ. ಇದನ್ನೆಲ್ಲ ನಾನು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತ ಹೇಳಿಕೊಂಡಾಗ ಗಣಿತದ ಶಬಾನಾ ಮೇಡಂ ಒಂದೇ ಮಾತು ಕೇಳಿದರು: "ಅಲ್ರೀ ಮೇಡಂ, ನಿಮ್ಮ ಸಾಹೇಬ್ರು ಯಾವ ಲಡಾಯಿಗೆ ಹೊಂಟಾರ್ರಿ?" ಅವತ್ತು ನಾನು ನಕ್ಕ ನಗೆಗೆ ಮೊಸರನ್ನ ನೆತ್ತಿಗೇರಿತು.

ಮೂರನೆಯ ಚಾಕು ಬ್ರಿಟಿಷ್ ಸೈನ್ಯದ್ದಂತೆ. ಕರಿ ಹಿಡಿಕೆ, ದಪ್ಪ ಅಲಗು, ಡಬ್ಬಿ ತೆಗೆಯುವ ಕೊಕ್ಕೆ, ಬೆನ್ನಿಗೆ ಒಂದು ದಬ್ಬಣ. ಗೋಣಿಚೀಲ ಹೊಲಿಯುವ ದಬ್ಬಣದ ಅಣ್ಣನಂತಿತ್ತು ಅದು. ಇದು ಯಾತಕ್ಕೆ ಎಂದೆ. "ಕುದರಿ ಗೊರಸಿನ್ಯಾಗ ಸಿಕ್ಕ ಕಲ್ಲು ತಗಿಯಾಕ," ಎಂದರು. ನಮ್ಮ ಮನೆಯಲ್ಲಿ ಇರುವುದು ಒಂದು ಸ್ಕೂಟರು. ನಾನು ಸ್ಕೂಟರಿನ ಕಡೆ ನೋಡಿದೆ.

ಇಷ್ಟಾದರೂ ಸಹಿಸಬಹುದಿತ್ತು. ಹುಚ್ಚು ಒಂದೇ ಮನೆಯಲ್ಲಿದ್ದರೆ ಅದಕ್ಕೊಂದು ಮಿತಿ ಇರುತ್ತದೆ. ಆದರೆ ನಮ್ಮ ಹಳಿಯಾಳ ಸೀಮೆಯಲ್ಲಿ ನಾಗರ ಪಂಚಮಿ ಹಬ್ಬಕ್ಕೆ ತವರಿನಿಂದ ತಮ್ಮನೋ ಅಣ್ಣನೋ ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತಾರೆ. ವರ್ಷವಿಡೀ ಮಕ್ಕಳಿಗೆ ಪಾಠ ಹೇಳಿ, ಗಂಡನಿಗೆ ಬುದ್ಧಿ ಹೇಳಿ ಸುಸ್ತಾದ ನನಗೆ ತವರಿನ ಆ ಎರಡು ದಿನವೇ ಉಸಿರು. ರೊಟ್ಟಿ ಹಬ್ಬದ ದಿನ ಬಗೆಬಗೆಯ ಪಲ್ಯ, ಮರುದಿನ ನಾಗಪ್ಪನಿಗೆ ಹಾಲೆರೆದು ಉಂಡಿ ತಿಂದು ಜೋಕಾಲಿ ಜೀಕುವುದು. ಬೇರೆ ಯಾವ ಹಬ್ಬ ತಪ್ಪಿದರೂ ತಪ್ಪಲಿ, ಇದು ತಪ್ಪಿದರೆ ನಾನು ಮುಂದಿನ ಪಂಚಮಿಯವರೆಗೆ ಯಾರನ್ನೂ ಕ್ಷಮಿಸುವವಳಲ್ಲ. ಈ ಸಲ ರೊಟ್ಟಿ ಹಬ್ಬದ ಬೆಳಿಗ್ಗೆ ತೇರಗಾಂವದಿಂದ ನನ್ನ ತಮ್ಮ ಬಸವರಾಜ ಬಂದ. ನಾನು ಬ್ಯಾಗು ಹಿಡಿದು, ಹೊಸ ಸೀರೆ ಉಟ್ಟು ಸಿದ್ಧಳಾಗಿದ್ದೆ. ಅವನು ಚಹಾ ಕುಡಿದು, ಕಿಸೆಗೆ ಕೈ ಹಾಕಿ, "ಮಾಮಾ, ನಾನೂ ಒಂದು ಮಿಲಿಟ್ರಿ ಚಾಕು ತಗೊಂಡೇನಿ," ಎಂದ. ನಾನು ಬ್ಯಾಗು ಕೆಳಗಿಟ್ಟೆ.

ಅದೇ ಕರಿ ಹಿಡಿಕೆ, ಅದೇ ಕೊಕ್ಕೆ, ಅದೇ ದಬ್ಬಣ. ನನ್ನ ತಮ್ಮ ಕಬ್ಬು-ಗೋವಿನಜೋಳ ಬೆಳೆಯುವ ಮನುಷ್ಯ. ಚಾಕು ಬೆಳಗಾವಿಯಲ್ಲಿ ಯಾರೋ ರಿಟೈರ್ಡ್ ಸುಬೇದಾರರ ಕೈಯಿಂದ ಬಂದದ್ದಂತೆ, ನಮ್ಮ ದೇಶದ ಸೈನ್ಯದ್ದಂತೆ. ನಮ್ಮ ಯಜಮಾನರು ಅದನ್ನು ಎತ್ತಿ ನೋಡಿ, "ಇದು ಡುಬ್ಲಿಕೇಟ್ ಐತಲೋ ಬಸು," ಎಂದರು. "ಏ ಹೋಗ್ರಿ ಮಾಮಾ, ನಿಮ್ಮದ ಡುಬ್ಲಿಕೇಟ್. ಮೊಬೈಲಿನ್ಯಾಗ ಒರಿಜಿನಲ್ ಎಲ್ಲಿ ಬರ್ತೈತಿ?" ಎಂದ ಅವನು. ಶುರುವಾಯಿತು. ಈಗ ನಮ್ಮ ಕಡೆಯ ರೂಢಿ ಒಂದು ಹೇಳಬೇಕು. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದೆ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಭಾವ-ಮೈದುನರಿಬ್ಬರೂ ಇದನ್ನು ಬಹಳ ಭಕ್ತಿಯಿಂದ ಪಾಲಿಸಿದರು. ಇವರು ತಮ್ಮದನ್ನು ಟೀಪಾಯಿಯ ಮೇಲಿಟ್ಟರು, ಅವನು ಎತ್ತಿಕೊಂಡ. ಅವನು ತನ್ನದನ್ನಿಟ್ಟ, ಇವರು ಎತ್ತಿಕೊಂಡರು. ತೂಗಿದರು, ಇಟ್ಟರು, ಎತ್ತಿದರು, ಟಕ್ಕೆಂದು ತೆಗೆದರು, ಟಕ್ಕೆಂದು ಮುಚ್ಚಿದರು, ಮತ್ತೆ ಇಟ್ಟರು. ಕೊನೆಗೆ ಟೀಪಾಯಿಯ ಮೇಲೆ ಎರಡು ಚಾಕು ಪಕ್ಕಪಕ್ಕದಲ್ಲಿ ಮಲಗಿದವು. ಯಾವುದು ಯಾರದು ಎಂದು ಭಗವಂತನಿಗೂ ಗೊತ್ತಾಗುವಂತಿರಲಿಲ್ಲ.

ಇಬ್ಬರೂ ಒಂದೇ ಚಾಕುವಿಗೆ ಕೈ ಹಾಕಿದರು. ಬಿಗಿಯಾಗಿ ತೆರೆದುಕೊಳ್ಳುವುದು ಅದೇ ಎಂದು ಇಬ್ಬರಿಗೂ ತಿಳಿದಿತ್ತು. "ಇದು ನಂದು." "ಅಲ್ರಿ ಮಾಮಾ, ನಂದು." "ಮದುವಿಯಾದಾಗಿಂದ ನೋಡಾಕತ್ತೇನಿ, ನಿಮ್ಮ ಮನಿಯವರಿಗೆ ಒಳ್ಳೇದ ಕಂಡ್ರ ಸಾಕು, ನಮ್ಮದ ಅಂತೀರಿ!" ಎಂದುಬಿಟ್ಟರು ಇವರು. ತಮ್ಮನ ಮೋರೆ ಕೆಂಪಾಯಿತು. "ನನ್ನ ಚಾಕು ಕೊಡೂ ಮಟ ನಾ ಇಲ್ಲಿಂದ ಏಳಾಂಗಿಲ್ಲ," ಎಂದು ಸೋಫಾದಲ್ಲಿ ಕಾಲು ಮಡಚಿ ಕೂತ. "ಹಂಗಾದ್ರ ನಿಮ್ಮಕ್ಕನೂ ಇಲ್ಲೇ ಇರ್ತಾಳ," ಎಂದರು ಇವರು. ಜಗಳ ಆಗಬಾರದೆಂದು ಮಾಡಿದ ರೂಢಿಯಿಂದಲೇ ಜಗಳ ಹುಟ್ಟಿತ್ತು, ನಡುವೆ ಸಿಕ್ಕಿದ್ದು ನನ್ನ ಹಬ್ಬ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಹಬ್ಬದ ದಿನ ಹಳಿಯಾಳದ ಬಸ್ಸಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ, ಹೊತ್ತಾದರೆ ಮುಗಿಯಿತು. ಎರಡೂ ಚಾಕು ಎತ್ತಿ ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿದೆ. "ನಾಳೆ ಪಂಚಮಿ. ಕೊಯ್ಯೂದು, ಹೆಚ್ಚೂದು ಏನೂ ಇಲ್ಲ. ಯಾರಿಗೂ ಚಾಕು ಬೇಕಾಗೂದಿಲ್ಲ. ಹಬ್ಬ ಮುಗದ ಮ್ಯಾಲೆ ನ್ಯಾಯ. ಬಸೂ, ಏಳ!" ಎಂದೆ. ಗಂಡ ಬಾಯಿ ತೆರೆದರು. ನಾನು ಜಿಪ್ಪು ಎಳೆದೆ. ಬಾಯಿ ಮುಚ್ಚಿದರು.

ಮರುದಿನ ತೇರಗಾಂವದಲ್ಲಿ ಹಾಲೆರೆದು, ಜೋಳದ ಅಳ್ಳು, ಉಂಡಿ ತಿಂದು ಜೋಕಾಲಿಗೆ ಹೋದೆ. ಮುನಿಸಿನಲ್ಲೇ ಜೋಕಾಲಿ ಕಟ್ಟಿದ್ದ ತಮ್ಮ, ಹಗ್ಗ ಉದ್ದ ಬಿಟ್ಟಿದ್ದ. ನಾನು ಕೂತ ತಕ್ಷಣ ಹಲಗೆ ಹೋಗಿ ಕೆಸರಿಗೆ ತಾಗಿತು. ತಪ್ಪನ್ನೆಲ್ಲ ನನ್ನ ತೂಕದ ಮೇಲೆ ಹಾಕಿದರು, ಅದು ಬೇರೆ ಮಾತು. ಹಲಗೆಯ ಬಳಿಯ ಗಂಟು ಬಿಚ್ಚಿ ಮೇಲೆ ಕಟ್ಟಬೇಕು, ಆದರೆ ಶ್ರಾವಣದ ಜಿನುಗು ಮಳೆಗೆ ಗಂಟು ಉಬ್ಬಿ ಕಲ್ಲಾಗಿತ್ತು. ಉಗುರು ಮುರಿಯಿತು, ತಮ್ಮನ ಹೆಂಡತಿ ಹಲ್ಲು ಹಚ್ಚಿ ನೋಡಿದಳು, ಆಗಲಿಲ್ಲ. ಕುಡುಗೋಲು ತರಲೇ ಎಂದು ತಮ್ಮ ಬಾಯಿ ತೆರೆದದ್ದೇ ತಡ, ನಮ್ಮವ್ವ ಹರಿಹಾಯ್ದಳು: "ಪಂಚಮಿ ದಿನ ಕುಡಗೋಲು ಮುಟ್ಟತೀಯೇನು? ಬುದ್ಧಿ ಐತೋ ಇಲ್ಲೋ?" ಓಣಿಯ ಹೆಂಗಸರು ಸರತಿಗೆ ನಿಂತಿದ್ದರು. ಒಂದು ವರ್ಷ ಕಾದ ಜೋಕಾಲಿ ಕೆಸರಿನಲ್ಲಿ ಕೂತಿತ್ತು. ನನಗೆ ಅಳುವೇ ಬಂತು. ಆಗ ಬ್ಯಾಗಿನಲ್ಲಿದ್ದ ದಬ್ಬಣ ನೆನಪಾಯಿತು.

"ಅವ್ವಾ, ಇದು ಕೊಯ್ಯಾಂಗಿಲ್ಲ, ಬರೇ ಬಿಚ್ಚತೈತಿ," ಎಂದು ತೋರಿಸಿದೆ. ಅವ್ವ ಕನ್ನಡಕ ಏರಿಸಿ ನೋಡಿ, "ಅಲಗು ಮುಚ್ಚಿರ್ಲಿ. ಹಂಗಾದ್ರ ಅಡ್ಡಿಯಿಲ್ಲ," ಎಂದು ತೀರ್ಪು ಕೊಟ್ಟಳು. ಮೊದಲನೆಯ ದಬ್ಬಣ ಗಂಟಿಗೆ ತೂರಿಸಿ ಮೀಟಿದೆ. ಅದು ಬಾಗಿ ಹುಣಸೆಹಣ್ಣಿನಂತಾಯಿತು. ಎರಡನೆಯದನ್ನು ತೂರಿಸಿ ಮೀಟಿದೆ. ಗಂಟು ಒಂದು ಸಲ ಕಿರ್ರೆಂದು, ಬೆಣ್ಣೆಯ ಹಾಗೆ ಸಡಿಲಾಯಿತು. ಕುದುರೆಯೂ ಇಲ್ಲ, ಗೊರಸೂ ಇಲ್ಲ. ಆ ದಬ್ಬಣ ಹುಟ್ಟಿದ್ದೇ ಗಂಟು ಬಿಚ್ಚಲು! ಅವತ್ತು ನಾನು ಜೀಕಿದ ಜೋಕಾಲಿ ಮೇಲೆ ಹೋದಾಗ ಪಕ್ಕದ ಮನೆಯ ಹೆಂಚಿನ ಮೇಲೆ ಹಬ್ಬಿದ ಕುಂಬಳಬಳ್ಳಿ ಕಾಣುತ್ತಿತ್ತು. ಕೈಯಲ್ಲಿ ಹಗ್ಗ, ಸೊಂಟದಲ್ಲಿ ಸಿಕ್ಕಿಸಿಕೊಂಡ ಚಾಕು. ಯಾವ ಸೈನ್ಯದ ಯಾವ ಸುಬೇದಾರನಿಗೂ ಅಂಥ ಜಯ ಸಿಕ್ಕಿರಲಿಕ್ಕಿಲ್ಲ.

ಹಬ್ಬ ಮುಗಿಸಿ ತಮ್ಮನೇ ದಾಂಡೇಲಿಗೆ ಬಿಡಲು ಬಂದ. ಭಾವ-ಮೈದುನರಿಬ್ಬರೂ ನ್ಯಾಯಕ್ಕೆ ಎದುರುಬದುರು ಕೂತರು. ನಾನು ರೂಢಿಯಂತೆ, ಕೈಗೆ ಕೊಡದೆ, ದಬ್ಬಣ ಬಾಗಿದ ಚಾಕುವನ್ನು ಟೀಪಾಯಿಯ ಮೇಲಿಟ್ಟೆ. "ಇದು ಯಾರದು?" ಎಂದೆ. ಇಬ್ಬರೂ ಬಗ್ಗಿ ನೋಡಿದರು. "ಇದು ನಂದಲ್ಲ," ಎಂದರು ಇವರು. "ನಂದಂತೂ ಅಲ್ಲೇ ಅಲ್ಲ," ಎಂದ ತಮ್ಮ. ನನ್ನ ಮದುವೆಯಾದ ಮೇಲೆ ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು. ಇನ್ನೊಂದು ಎಲ್ಲಿ ಎಂದು ಕೇಳಿದರು. ಅದನ್ನು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಮುಂದಿನ ಪಂಚಮಿ ಕೆಡಿಸುತ್ತಾರೆ. ತವರು ಉಳಿಯಬೇಕು, ಗಂಡನೂ ಉಳಿಯಬೇಕು. ಅದು ನನ್ನ ಹತ್ತಿರವೇ ಇರುತ್ತದೆ ಎಂದೆ. ಬೇರೆ ದಾರಿ ಏನಿತ್ತು, ನೀವೇ ಹೇಳಿ.

ಮೊನ್ನೆ ಸ್ಟಾಫ್ ರೂಮಿನಲ್ಲಿ ಪ್ರಶ್ನೆಪತ್ರಿಕೆಗಳ ಕಟ್ಟು ಬಂತು. ಪಿಯೂನ್ ಗಂಟಿನ ಜೊತೆ ಗುದ್ದಾಡುತ್ತಿದ್ದ. ನಾನು ಬ್ಯಾಗಿನಿಂದ ಚಾಕು ತೆಗೆದು, ದಬ್ಬಣ ತೂರಿಸಿ, ಗಂಟು ಬಿಚ್ಚಿಕೊಟ್ಟೆ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಸ್ವಿಸ್ ಚಾಕುವಿಗೆ ಈ ತಾಕತ್ತು ಇಲ್ಲ ಎಂದೆ, ಜರ್ಮನಿಯದು ಶೋಕಿಗೆ ಸರಿ ಎಂದೆ, ಸ್ಪ್ರಿಂಗು ಹೀಗೆ ಬಿಗಿ ಇರಬೇಕೆಂದು ಟಕ್ಕೆಂದು ತೆಗೆದು ಟಕ್ಕೆಂದು ಮುಚ್ಚಿ ತೋರಿಸಿದೆ. ಶಬಾನಾ ಮೇಡಂ ತಮ್ಮ ಡಬ್ಬಿಯ ಸೇಬನ್ನು ನನ್ನ ಕಡೆ ಸರಿಸಿ, "ಇದನ್ನಷ್ಟು ಹೆಚ್ಚಿ ಕೊಡ್ರಲಾ ಮೇಡಂ," ಎಂದರು.

"ಬ್ಯಾಡ್ರಿ," ಎಂದೆ ಚಾಕು ಮುಚ್ಚಿ ಬ್ಯಾಗಿಗೆ ಹಾಕುತ್ತ, "ಸ್ಪ್ರಿಂಗಿನ್ಯಾಗ ರಸ ಹೊಕ್ಕತೈತಿ."

ಅವರು ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಪರಿಚಯದ್ದು. ಇವರು ಕುದುರೆಯ ಮಾತು ಎತ್ತಿದಾಗ ನಾನು ನಮ್ಮ ಸ್ಕೂಟರಿನ ಕಡೆ ನೋಡಿದ್ದು ಹಾಗೆಯೇ.