ಚೆಲ್ಲೋ ಯಜಮಾನರ ಕೊನೆಯ ಟೇಪು

ಎಲ್ಲದಕ್ಕೂ ಕಾರಣ ಒಂದು ಸೊಳ್ಳೆ.

ಬೆಳಿಗ್ಗೆ ಕಿಟಕಿಯ ಬಳಿ ನಿಂತು ಶ್ಶಪ್ಪ ಬಾಯಿ ತುಂಬ ಆಕಳಿಸಿದ. ಅಜ್ಜಿಕತೆಯ ರಾಜಕುಮಾರ ಗುಹೆಯೊಳಕ್ಕೆ ಹೋದ ಹಾಗೆ ಸೊಳ್ಳೆಯೊಂದು ಹಿಂದೆ ಮುಂದೆ ನೋಡದೆ ಒಳಗೆ ನುಗ್ಗಿತು. ರಾಜಕುಮಾರನಾದರೆ ಕತೆ ಮುಗಿಯುವುದರೊಳಗೆ ಹೊರಗೆ ಬರುತ್ತಾನೆ. ಸೊಳ್ಳೆ ಬರಲಿಲ್ಲ. ಅದರ ಬದಲು ಕೆಮ್ಮು ಬಂತು.

ಅದು ಅಂತಿಂಥ ಕೆಮ್ಮಲ್ಲ. ಹಾಳು ಬಾವಿಗೆ ಹಿತ್ತಾಳೆ ಕೊಡ ಜಾರಿ ಬಿದ್ದು, ಆ ಗೋಡೆಗೆ ಈ ಗೋಡೆಗೆ ಬಡಿದು, ಕೊನೆಗೆ ‘ಹೂಂ’ ಎಂದು ನಿಟ್ಟುಸಿರು ಬಿಟ್ಟು ಮುಳುಗಿದಂಥ ಕೆಮ್ಮು.

ಶ್ಶಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವನು ರೇಡಿಯೋ ಕೇಂದ್ರದ ಟೇಪುಗಳ ಕೋಣೆ ನೋಡಿಕೊಳ್ಳುವವನು. ಹಳೆಯ ಸಂಗೀತದ ಟೇಪುಗಳನ್ನು ಕಂಪ್ಯೂಟರಿಗೆ ಏರಿಸಿ, ಅವುಗಳಲ್ಲಿನ ಕೆಮ್ಮು, ಸೀನು, ಕುರ್ಚಿಯ ಕಿರುಗುಟ್ಟು, ಯಾವನೋ ಪುಣ್ಯಾತ್ಮ ಬೀಳಿಸಿದ ಕೊಡೆ, ಎಲ್ಲವನ್ನೂ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ಎಸೆಯುವುದು ಅವನ ಕೆಲಸ. ಆ ಚಟ ಮನೆಗೂ ಬಂದಿತ್ತು. ಬಾಗಿಲು ಕಿರ್ ಅಂದರೆ ‘ಶ್!’, ಹೆಂಡತಿಯ ಬಳೆ ಸದ್ದಾದರೆ ‘ಶ್!’. ಒಮ್ಮೆ ಕುಕ್ಕರಿಗೂ ‘ಶ್!’ ಅಂದಿದ್ದ. ಕುಕ್ಕರು ಬಿಟ್ಟೀತೆ, ಅದೂ ತಿರುಗಿ ಅಂದಿತ್ತು.

ಆದರೆ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದ ಹಾಗೆ, ಶ್ಶಪ್ಪನ ಪ್ರಾಣ ಇದ್ದದ್ದು ಚೆಲ್ಲೋ ಯಜಮಾನರ ಟೇಪುಗಳಲ್ಲಿ. ಚೆಲ್ಲೋ ಎಂದರೆ ಪಿಟೀಲಿನ ದೊಡ್ಡಪ್ಪ. ಮಗುವಿನ ಹಾಗೆ ಹೆಗಲೇರುವುದಿಲ್ಲ. ಮನೆಯ ಹಿರಿಯನಂತೆ ನೆಲಕ್ಕೆ ಕಾಲೂರಿ ಕೂತು ಎದೆಯಾಳದಿಂದ ಮಾತಾಡುತ್ತದೆ. ಅದನ್ನು ಯಜಮಾನರ ಹಾಗೆ ಮಾತಾಡಿಸಿದವರು ಇನ್ನೊಬ್ಬರಿಲ್ಲ ಎಂದು ಲೋಕವೇ ಒಪ್ಪಿತ್ತು. ಅವರು ತೀರಿಕೊಂಡು ವರ್ಷವಾಗಿತ್ತು. ಬದುಕಿಡೀ ಅವರು ನುಡಿಸಿದ್ದೆಲ್ಲ ಶ್ಶಪ್ಪನ ಕೋಣೆಯಲ್ಲಿ, ಒಂದು ಉಸಿರಿನ ಸದ್ದೂ ಉಳಿಯದ ಹಾಗೆ, ಬೆಳಗಿಟ್ಟ ಪಾತ್ರೆಯಂತೆ ಫಳಫಳ ಅನ್ನುತ್ತಿತ್ತು.

ಬಾಕಿ ಇದ್ದದ್ದು ಒಂದೇ ಟೇಪು. ಯಜಮಾನರ ಹೆಂಡತಿಗೆ ಬೀರುವಿನ ತಳದಲ್ಲಿ, ಉಣ್ಣೆಯ ಕಾಲುಚೀಲದೊಳಗೆ ಸಿಕ್ಕಿದ್ದು. ಮೇಲೆ ಅವರದೇ ಅಕ್ಷರ: ‘ಕೊನೆಯದು. ಇದೇ ಚೆನ್ನಾಗಿದೆ.’ ಇವತ್ತು ಸಂಜೆ ಕೇಂದ್ರದ ಸಭಾಂಗಣದಲ್ಲಿ ಅದನ್ನು ಮೊದಲ ಸಲ ಕೇಳಿಸುವ ಸಮಾರಂಭ. ಸಾಂಗವಾಗಿ ನಡೆದರೆ ಟೇಪುಗಳ ಕೋಣೆ ಶ್ಶಪ್ಪನಿಗೇ ಕಾಯಂ ಎಂದು ನಿರ್ದೇಶಕರು ಹೇಳಿದ್ದರು. ಇಂಥ ದಿನವೇ ಸೊಳ್ಳೆ!

ಕೆಮ್ಮಿನ ಬಾಲ ಇನ್ನೂ ಮನೆಯೊಳಗೆ ಇರುವಾಗಲೇ ಬಾಗಿಲಲ್ಲಿ ಪಕ್ಕದ ಮನೆಯ ಕಷಾಯದತ್ತೆಯ ತಲೆ ಕಾಣಿಸಿತು. ಬೀದಿಯಲ್ಲಿ ಯಾರು ಸೀನಿದರೂ ಫ್ಲಾಸ್ಕು ಹಿಡಿದು ಓಡಿ ಬರುವ ಹೆಂಗಸು.

“ಕೆಮ್ಮಾ?”

“ಏನಿಲ್ಲ ಅತ್ತೆ, ಸೊಳ್ಳೆ.”

“ಸೊಳ್ಳೆಗೂ ಇದೇ ಔಷಧಿ. ಕುಡಿ. ನನ್ನ ಕಷಾಯ ಕುಡಿದ ಮೇಲೆ ಕೆಮ್ಮಿದ ಗಂಡಸು ಈ ಬೀದೀಲೇ ಹುಟ್ಟಿಲ್ಲ.”

“ಆಫೀಸಲ್ಲಿ ಕುಡೀತೀನಿ ಅತ್ತೆ.”

“ಕುಡೀದೆ ಇದ್ದರೆ ನಂಗೆ ಗೊತ್ತಾಗುತ್ತೆ. ಗೋಡೆಗೆ ಕಿವಿ ಇರುತ್ತೋ ಇಲ್ಲವೋ, ನನಗಂತೂ ಇದೆ.”

ಆ ಕಷಾಯದ ವಾಸನೆಗೇ ಹಲ್ಲಿಗಳು ಗೋಡೆ ಬಿಡುತ್ತಿದ್ದವು. ಶ್ಶಪ್ಪ ಫ್ಲಾಸ್ಕನ್ನು ಚೀಲದ ತಳಕ್ಕೆ ತುರುಕಿ ಬಸ್ಸು ಹತ್ತಿದ.

ಆಫೀಸಿನಲ್ಲಿ ನಿರ್ದೇಶಕರು ಟೇಪನ್ನು ಹಸುಗೂಸಿನಂತೆ ಎರಡು ಕೈಯಲ್ಲಿ ಎತ್ತಿಕೊಟ್ಟರು.

“ನೋಡ್ರೀ, ಇದು ಒಣಗಿ ತರಗೆಲೆ ಆಗಿದೆ. ಒಂದೇ ಸಲ ಓಡೋದು, ಆಮೇಲೆ ಪುಡಿ. ಅಷ್ಟರೊಳಗೆ ಹಿಡ್ಕೋಬೇಕು.”

“ಮಿಷನ್ನಿನಿಂದ ಕಂಪ್ಯೂಟರಿಗೆ ಹೋಗೋ ವೈರು ಇಲಿ ಕಡಿದು ವಾರ ಆಯ್ತಲ್ಲ ಸಾರ್?”

“ಅದಕ್ಕೇನು? ಸ್ಪೀಕರಿನ ಮುಂದೆ ಮೈಕ್ ಇಟ್ಟು ಹಿಡೀರಿ. ಬಾಗಿಲು ಹಾಕ್ಕೊಂಡು ನೀವೊಬ್ರೇ ಕೂತ್ಕೊಳ್ಳಿ. ಉಸಿರು ಬೇಕಾದ್ರೆ ಮೊದಲೇ ತಗೊಂಡಿರಿ.”

ಶ್ಶಪ್ಪ ಬಾಗಿಲು ಹಾಕಿದ, ಫ್ಯಾನು ಆರಿಸಿದ, ವಾಚು ಬಿಚ್ಚಿ ಹೊರಗಿಟ್ಟ, ಕೈ ಮುಗಿದು ಗುಂಡಿ ಒತ್ತಿದ.

ಆಹಾ! ಯಾರೋ ಕತ್ತಲಲ್ಲಿ ಕಂಬಳಿ ಹೊದಿಸಿದಂತೆ ಚೆಲ್ಲೋ ಶುರುವಾಯಿತು. ನದಿಯೊಂದು ನಿದ್ದೆಯಲ್ಲಿ ತನ್ನ ಕತೆ ತಾನೇ ಹೇಳಿಕೊಂಡ ಹಾಗಿತ್ತು. ಶ್ಶಪ್ಪನ ಕಣ್ಣು ತುಂಬಿತು. ಈ ಕಡೆಯ ಚಕ್ರದಿಂದ ಸಂಗೀತವಾಗಿ ಹೊರಟ ಟೇಪು ಆ ಕಡೆಯ ಚಕ್ರದಲ್ಲಿ ಕಂದು ಪುಡಿಯಾಗಿ ಮೇಜಿನ ಮೇಲೆ ಉದುರುತ್ತಿತ್ತು. ಸ್ವರ ಏರಿತು, ಏರಿತು, ಇನ್ನೇನು ಮೋಡ ಮುಟ್ಟಿತು ಅನ್ನುವಾಗ ಗಕ್ಕನೆ ನಿಂತಿತು. ಯಜಮಾನರು ಪ್ರಪಂಚಕ್ಕೇ ಹೆಸರಾದದ್ದು ಇಂಥ ಮೌನಗಳಿಂದ.

ಆ ಮೌನದ ನಟ್ಟನಡುವೆ ಸೊಳ್ಳೆ ಮಗ್ಗುಲು ಬದಲಿಸಿತು.

ಶ್ಶಪ್ಪ ಬಾಯಿಗೆ ಕರ್ಚೀಫು ತುರುಕಿದ. ಕೆಮ್ಮು ಕರ್ಚೀಫನ್ನೂ ಹೊತ್ತುಕೊಂಡು ಹೊರಗೆ ಹಾರಿತು. ಬಾವಿ, ಕೊಡ, ಗೋಡೆಗಳು, ‘ಹೂಂ’, ಎಲ್ಲ ಮೈಕಿನೊಳಗೆ ಚಾಚೂ ತಪ್ಪದೆ ಇಳಿಯಿತು.

ಸಂಗೀತ ಮುಗಿದು ಟೇಪು ಪೂರ್ತಿ ಪುಡಿಯಾಗುವ ಹೊತ್ತಿಗೆ ಶ್ಶಪ್ಪ ಅರ್ಧ ಪುಡಿಯಾಗಿದ್ದ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಪಕ್ಕದ ಮೇಜಿನವನು ಬಂದ. ಯಾರ ಕಷ್ಟಕ್ಕೂ ಕರೆಯದೆ ಬಂದು “ನಾನಿದೀನಲ್ಲ!” ಅನ್ನುವವನಾದ್ದರಿಂದ ಆಫೀಸಿನಲ್ಲಿ ಅವನಿಗೆ ‘ನಾನಿದೀನಲ್ಲ’ ಎಂದೇ ಹೆಸರು.

“ಏನು ಮಹರಾಯ, ಮುಖ ಹಿಂಡಿದ ನಿಂಬೆಹಣ್ಣಾಗಿದೆ?”

“ಕೆಮ್ಮು ಸೇರ್ಕೊಂಡ್ಬಿಡ್ತು. ತೆಗೀಬೇಕು. ನೀನು ಮುಟ್ಟಬೇಡ.”

“ಒಂದು ಕೆಮ್ಮಿಗೆ ಇಷ್ಟು ಯೋಚನೇನಾ? ನಾನಿದೀನಲ್ಲ!” ಎಂದು ಶ್ಶಪ್ಪನನ್ನು ಕುರ್ಚಿಸಮೇತ ಆಚೆ ತಳ್ಳಿ, ಕೆಮ್ಮನ್ನು ಗುರುತು ಮಾಡಿ, ಟಕಟಕ ಎಂದು ಗುಂಡಿ ಒತ್ತಿದ. “ಖಂಡಿತಾನಾ?” ಎಂದು ಕಂಪ್ಯೂಟರು ಕೇಳಿತು. “ಖಂಡಿತ” ಎಂದು ಒತ್ತಿದ. “ಹಳೇದನ್ನ ಅಳಿಸಲಾ?” ಎಂದು ಅದು ಗಾಬರಿಯಿಂದ ಇನ್ನೊಮ್ಮೆ ಕೇಳಿತು. “ಎಷ್ಟು ಸಲ ಹೇಳ್ಬೇಕು ಇದಕ್ಕೆ!” ಎಂದು ಮತ್ತೆ ಒತ್ತಿದ. “ತಗೋ. ಈಗ ಕೇಳು, ಎಂಥಾ ನಿಶ್ಶಬ್ದ!”

ಇಬ್ಬರೂ ಕಿವಿಗೊಟ್ಟರು. ನಿಶ್ಶಬ್ದ. ಮತ್ತೂ ನಿಶ್ಶಬ್ದ. ಬಹಳ ಹೊತ್ತಾದ ಮೇಲೆ ಕೆಮ್ಮು. ಆಮೇಲೆ ಪುನಃ ನಿಶ್ಶಬ್ದ.

“ಚೆಲ್ಲೋ ಎಲ್ಲೋ?” ಶ್ಶಪ್ಪ ಪಿಸುಗುಟ್ಟಿದ.

“ಓ, ಚೆಲ್ಲೋ ಬೇಕಿತ್ತಾ?” ಎಂದು ನಾನಿದೀನಲ್ಲ ತಲೆ ಕೆರೆದುಕೊಂಡ. “ಮೊದಲೇ ಹೇಳಬಾರದಾ?” ಆಮೇಲೆ ಅವನು ಅಲ್ಲಿರಲಿಲ್ಲ.

ಸಂಜೆಯವರೆಗೂ ಶ್ಶಪ್ಪ ನಿರ್ದೇಶಕರ ಹಿಂದೆ ಅಲೆದ. “ಸಾರ್, ಒಂದು ಮಾತು…” “ಆಮೇಲೆ!” “ಸಾರ್, ಟೇಪು…” “ಹೂವಿನ ಗುಚ್ಛ ಎಲ್ಲಿ ಅಂತ ನೋಡ್ರೀ ಮೊದಲು!” ಕೊನೆಗೆ ಸಭಾಂಗಣ ತುಂಬಿತು. ಯಜಮಾನರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತರು. ಮಗ್ಗುಲಲ್ಲಿ, ನಕ್ಕರೆ ದಂಡ ಬೀಳುತ್ತದೇನೋ ಎನ್ನುವಂಥ ಮುಖದ ವಿಮರ್ಶಕರು. ರೇಡಿಯೋದಲ್ಲಿ ನೇರ ಪ್ರಸಾರ. ಇದರ ಮೇಲೆ ತಾನು ಬೇರೆ ಕೆಮ್ಮಿದರೆ ಕತೆ ಮುಗಿದಂತೆಯೇ ಎಂದು ಶ್ಶಪ್ಪ ಕಂಪ್ಯೂಟರಿನ ಹಿಂದೆ ಬಗ್ಗಿ ಕೂತು, ಮೂಗು ಹಿಡಿದು, ಫ್ಲಾಸ್ಕಿನ ಕಷಾಯವನ್ನೆಲ್ಲ ಗಟಗಟ ಕುಡಿದುಬಿಟ್ಟ. ಕಣ್ಣಲ್ಲಿ ನೀರು, ಕಿವಿಯಲ್ಲಿ ಹೊಗೆ. ನಿರ್ದೇಶಕರು ಕೈ ಸನ್ನೆ ಮಾಡಿದರು. ಗುಂಡಿ ಒತ್ತಿದ.

ನಿಶ್ಶಬ್ದ.

ಜನ ನೆಟ್ಟಗೆ ಕೂತರು. ಯಜಮಾನರು ಸುಮ್ಮನಿದ್ದರೆ ಅದಕ್ಕೆ ಅರ್ಥ ಇರಲೇಬೇಕು! ಒಬ್ಬರು ಕಣ್ಣು ಮುಚ್ಚಿದರು. ಅವರನ್ನು ನೋಡಿ ಪಕ್ಕದವರೂ ಮುಚ್ಚಿದರು. ವಿಮರ್ಶಕರು ನಿಧಾನಕ್ಕೆ ತಲೆಯಾಡಿಸತೊಡಗಿದರು. ಯಾವ ತಾಳಕ್ಕೋ, ಅವರೇ ಹೇಳಬೇಕು. ಹೀಗೆ ಸಭೆಯೆಲ್ಲ ಮೌನದಲ್ಲಿ ಊರಿದ ಮೇಲೆ ಬಂತು: ಬಾವಿ, ಕೊಡ, ಗೋಡೆಗಳು, ‘ಹೂಂ’.

ಯಜಮಾನರ ಹೆಂಡತಿ ಎದ್ದು ನಿಂತರು.

“ಇವರೇ!” ಎಂದರು. “ಇದು ಅವರದೇ ಕೆಮ್ಮು! ನಾನು ಏನೇ ಕೇಳಲಿ, ಹೊಸ ಪರದೆ ತರೋಣವಾ ಅನ್ನಲಿ, ಅಕ್ಕನ ಮನೆಗೆ ಹೋಗೋಣವಾ ಅನ್ನಲಿ, ಇದೊಂದೇ ಉತ್ತರ. ಇಷ್ಟು ವರ್ಷ ನೀವೆಲ್ಲ ಅವರ ಚೆಲ್ಲೋ ಕೇಳಿದ್ರಿ. ಇವತ್ತು ಅವರನ್ನ ಕೇಳಿದ ಹಾಗಾಯ್ತು.”

ಸಭೆ ಬಿಕ್ಕಿ ಬಿಕ್ಕಿ ಅತ್ತಿತು. ವಿಮರ್ಶಕರು ಕನ್ನಡಕ ತೆಗೆದು ಒರೆಸಿಕೊಂಡರು. “ಬದುಕಿಡೀ ನುಡಿಸಿ ನುಡಿಸಿ ಕೊನೆಗೆ ಚೆಲ್ಲೋವನ್ನೇ ದಾಟಿ ಹೋದ ಮಹಾನುಭಾವ! ಇದರ ಮುಂದೆ ಮಿಕ್ಕ ಟೇಪುಗಳೆಲ್ಲ ಬರೀ ಸಂಗೀತ!”

ನಿರ್ದೇಶಕರಿಗೆ ರೆಕ್ಕೆ ಬಂತು. ಶ್ಶಪ್ಪನ ಹೆಗಲ ಮೇಲೆ ಕೈ ಹಾಕಿ ಮೈಕಿನ ಮುಂದೆಯೇ ಕೇಳಿದರು: “ಬೇರೆ ಟೇಪುಗಳಿಂದ ನೀವು ಆರಿಸಿ ತೆಗೆದ ಕೆಮ್ಮುಗಳಿವೆಯಲ್ಲ, ಅವನ್ನೆಲ್ಲ ಎಲ್ಲಿಟ್ಟಿದೀರಿ?”

“ಬಿಸಾಕಿದೆ ಸಾರ್.”

ಸಭೆಯಲ್ಲಿ ಯಾರೋ ಹೆಂಗಸು ಕಿಟಾರನೆ ಕಿರುಚಿದಳು.

“ಬಿಸಾಕಿದ್ರಾ?” ಎಂದರು ನಿರ್ದೇಶಕರು. “ಯಜಮಾನರ ಒಂದು ಬದುಕಿನ ಕೆಮ್ಮನ್ನ?”

“ಅಯ್ಯೋ ಸಾರ್, ಇದು ಅವರ ಕೆಮ್ಮೇ ಅಲ್ಲ! ನಂದು! ಬೆಳಿಗ್ಗೆ ಸೊಳ್ಳೆ ನುಂಗಿದ್ದೆ!”

“ಹಾಗಾದ್ರೆ ಕೆಮ್ಮಿ ನೋಡೋಣ” ಎಂದರು ಯಜಮಾನರ ಹೆಂಡತಿ.

ಶ್ಶಪ್ಪ ಎದೆಯುಬ್ಬಿಸಿದ. ಕೆಮ್ಮು ಬರಲಿಲ್ಲ. ಗಂಟಲು ತುಪ್ಪ ಸವರಿದಂತೆ ನುಣ್ಣಗಿತ್ತು. ಎದೆ ಗುದ್ದಿಕೊಂಡ. ಬಗ್ಗಿದ. ಸೊಳ್ಳೆಯನ್ನು ಮನಸ್ಸಿನಲ್ಲೇ ಅಂಗಲಾಚಿದ. ಕೊನೆಗೆ ‘ಕಿಚ್’ ಎಂದಿತು.

“ಬೆಕ್ಕಿನಮರಿ ಸೀನಿದ ಹಾಗಿದೆ” ಎಂದರು ವಿಮರ್ಶಕರು. “ಅನುಕರಣೆಗೂ ಯೋಗ್ಯತೆ ಬೇಕು.”

ಟೇಪುಗಳ ಕೋಣೆಯ ಬೀಗದಕೈ ಅಲ್ಲೇ ಕೈ ಬದಲಾಯಿತು. ಯಾರು ನೋಡಿಕೊಳ್ಳುವುದು ಎಂಬ ಪ್ರಶ್ನೆ ನಿರ್ದೇಶಕರ ಬಾಯಿಂದ ಪೂರ್ತಿ ಬರುವ ಮೊದಲೇ ಹಿಂದಿನ ಸಾಲಿನಿಂದ ಪರಿಚಿತ ದನಿ ಕೇಳಿತು: “ನಾನಿದೀನಲ್ಲ!”

ಶ್ಶಪ್ಪ ಮನೆಗೆ ಬಂದು ಮೆಟ್ಟಿಲ ಮೇಲೆ ಕುಸಿದ. ಲೋಕದಲ್ಲಿ ಆ ಕೊನೆಯ ಚೆಲ್ಲೋ ಕೇಳಿದ ಕಿವಿ ತನ್ನದೊಂದೇ ಎನ್ನುವುದು ನೆನಪಾಯಿತು. ಯಾರ ಮುಂದೆ ಹೇಳುವುದು? ಗುನುಗೋಣವೆಂದು ಬಾಯಿ ತೆರೆದ.

ಕಷಾಯದ ಗುಣ ಇಳಿದಿತ್ತೋ ಏನೋ, ಕೆಮ್ಮು ಬಂತು! ಬಾವಿ, ಕೊಡ, ಗೋಡೆಗಳು, ‘ಹೂಂ’! ಒಂದಕ್ಷರ ಬಿಡದೆ, ಅದೇ, ಅದರಪ್ಪನಂಥದ್ದು!

ಶ್ಶಪ್ಪ ಫೋನಿಗೆ ಹಾರಿದ. “ಸಾರ್, ಕೇಳಿ!” ಎಂದು ನಿರ್ದೇಶಕರ ಕಿವಿಗೆ ನೇರ ಕೆಮ್ಮಿದ.

ಆ ಕಡೆಯಿಂದ ನಿರ್ದೇಶಕರು ಗುಡುಗಿದರು: “ಕಳ್ಳ! ಯಜಮಾನರ ಕೆಮ್ಮಿನ ಕಳ್ಳಪ್ರತಿ ಮಾಡಿ ಮನೇಲಿ ಇಟ್ಕೊಂಡಿದೀಯಾ? ನಾಳೆ ಬೆಳಿಗ್ಗೆ ಆ ಕೆಮ್ಮನ್ನ ತಂದು ನನ್ನ ಮೇಜಿನ ಮೇಲೆ ಇಡ್ತೀಯೋ, ಪೊಲೀಸರನ್ನ ಕರೀಲೋ?”

“ತರ್ತೀನಿ ಸಾರ್! ಖಂಡಿತ ತರ್ತೀನಿ! ಕೇಳಿದ್ರಲ್ಲ, ಇಲ್ಲೇ ಇದೆ!”

ಫೋನಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡು, ಕೆಮ್ಮು ಎಲ್ಲಿ ಸವೆದುಹೋದೀತೋ ಎಂದು ಮೆಲ್ಲಗೆ ಉಸಿರಾಡುತ್ತ ತಿರುಗಿದ. ಬಾಗಿಲಲ್ಲಿ ಕಷಾಯದತ್ತೆ ನಿಂತಿದ್ದಳು. ಬೆಳಗಿನದಕ್ಕಿಂತ ದೊಡ್ಡ ಫ್ಲಾಸ್ಕು. ಆಚೀಚೆ ಅವಳ ಇಬ್ಬರು ದಷ್ಟಪುಷ್ಟ ಗಂಡುಮಕ್ಕಳು.

“ಕೇಳಿಸ್ತು, ಕೇಳಿಸ್ತು” ಎಂದಳು ತೋಳೇರಿಸುತ್ತ. “ಹಿಡ್ಕೊಳ್ರೋ ಅವನನ್ನ! ಬೆಳಗಾಗೋದ್ರೊಳಗೆ ಒಂದು ಚೂರು ಕೆಮ್ಮು ಉಳಿದಿದ್ರೆ ಆಮೇಲೆ ಹೇಳಿ.”

ಶ್ಶಪ್ಪ ಬಾಯಿ ತೆರೆದ.

“ಶ್!” ಎಂದಳು ಅತ್ತೆ, ಮುಚ್ಚಳ ಬಿಚ್ಚುತ್ತ.