ಬಳೆ ತೊಟ್ಟ ಕೋವಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕೋವಿ ಕೆಟ್ಟಿರಲಿಲ್ಲ, ಸ್ವಲ್ಪ ದಣಿದಿತ್ತು ಅಷ್ಟೆ. ಅದನ್ನು ಕೆಡಿಸಿದವನು ನಾನು, ಅದೂ ರಿಪೇರಿ ಮಾಡುವ ಸದುದ್ದೇಶದಿಂದ. ಲೋಕದಲ್ಲಿ ಕೆಟ್ಟುಹೋದ ವಸ್ತುಗಳಲ್ಲಿ ಅರ್ಧ ತಾವಾಗಿ ಕೆಟ್ಟವು. ಉಳಿದರ್ಧ, ನನ್ನಂಥವರ ಕೈಗೆ ಒಂದು ಸ್ಕ್ರೂಡ್ರೈವರೂ ಒಂದು ಭಾನುವಾರವೂ ಒಟ್ಟಿಗೆ ಸಿಕ್ಕಿದ್ದರಿಂದ ಕೆಟ್ಟವು. ನಾನು ರಾಮನಗರದ ಒಂದು ಬೈಕ್ ಸರ್ವೀಸ್ ಸೆಂಟರಿನಲ್ಲಿದ್ದೇನೆ. ಕೆಲಸ ಎಂದರೆ ಬೈಕು ಮುಟ್ಟುವುದಲ್ಲ; ಕೌಂಟರಿನ ಹಿಂದೆ ನಿಂತು, ನಿಮ್ಮ ಚೈನು ಹೋಗಿದೆ ಎಂದು ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳುವುದು. ದನಿಯೇ ನನ್ನ ಬಂಡವಾಳ. ಆರತಕ್ಷತೆ, ಗಣೇಶನ ಪೆಂಡಾಲು, ಯಾರು ಮೈಕು ಕೊಟ್ಟರೂ ಮಿಮಿಕ್ರಿ ಮಾಡುತ್ತೇನೆ. ಬಸ್ಸಿನ ಕಂಡಕ್ಟರು, ರೇಷ್ಮೆಗೂಡಿನ ಹರಾಜು ಕೂಗುವವರು, ನಮ್ಮ ಮ್ಯಾನೇಜರು, ಫೋನು ಹಿಡಿದಾಗಿನ ನಮ್ಮಮ್ಮ, ಫೋನು ಇಟ್ಟ ಮೇಲಿನ ನಮ್ಮಮ್ಮ, ಎಲ್ಲರೂ ಬರುತ್ತಾರೆ. ಬಾರದವರು ಒಬ್ಬರೇ, ನಮ್ಮ ತಾತ. ನಾನು ತೀರ ಚಿಕ್ಕವನಿದ್ದಾಗಲೇ ಹೋದರು. ಅವರದೆಂದು ನನ್ನ ಕಿವಿಯಲ್ಲಿ ಉಳಿದಿರುವುದು ಆ ಕೋವಿಯ 'ಟಪ್' ಒಂದೇ.

ಕೋವಿ ಎಂದರೆ ಹೆದರಬೇಡಿ, ಸ್ಪ್ರಿಂಗಿನ ಏರ್‌ಗನ್ನು. ನಳಿಗೆ ಮಡಚಿದರೆ ಒಳಗಿನ ಸ್ಪ್ರಿಂಗು ಮುದುಡಿ ಕೂರುತ್ತದೆ. ಕುದುರೆ ಎಳೆದರೆ ನೆಗೆದು ಗಾಳಿಯನ್ನು ದಬ್ಬುತ್ತದೆ. ಮಾಗಡಿ ಪಕ್ಕದ ನಮ್ಮ ಮಾವಿನ ತೋಟಕ್ಕೆ ಬರುವ ಕೋತಿಗಳಿಗಾಗಿ ತಾತ ತಂದದ್ದು. ಆದರೆ ಅದಕ್ಕೆ ಛರ್ರೆ ಹಾಕುವಂತಿಲ್ಲ. ಹಳೇ ಪೇಪರನ್ನು ನೆನೆಸಿ, ಕಡಲೆ ಗಾತ್ರದ ಉಂಡೆ ಮಾಡಿ ತುರುಕಿ, ಆಕಾಶಕ್ಕೆ ಹಿಡಿಯಬೇಕು. ಆಂಜನೇಯನ ಕಡೆಯವರಿಗೆ ಶಬ್ದವೇ ಸಾಕು ಎಂಬುದು ತಾತನ ಕಾನೂನು. ಬೆಳಿಗ್ಗೆ ತೋಟ ಸುತ್ತಿ, ಬೇಲಿಯ ಕೊನೆಯಲ್ಲಿ ನಿಂತು ಅವರು ಒಮ್ಮೆ ಟಪ್ ಎನ್ನಿಸಿದರೆ ಅಜ್ಜಿ ಒಲೆ ಮೇಲೆ ಕಾಫಿಗಿಡುತ್ತಿದ್ದಳಂತೆ. ತಾತ ಜಗಲಿ ಮುಟ್ಟುವುದಕ್ಕೂ ಲೋಟ ಬರುವುದಕ್ಕೂ ಸರಿಹೋಗುತ್ತಿತ್ತಂತೆ. ತಾತ ಹೋದ ಮೇಲೆ ಮಾವಿನ ಕಾಲದಲ್ಲಿ ಅಜ್ಜಿಯೇ ಕೋವಿ ಹಿಡಿದು ಹೋಗುತ್ತಾಳೆ, ಬೇಲಿಯ ಕೊನೆಯಲ್ಲಿ ಅವಳೇ ಟಪ್ ಎನ್ನಿಸುತ್ತಾಳೆ. ನಾವು ಹೊದಿಕೆಯೊಳಗಿಂದಲೇ ಕೇಳಿ, ಇನ್ನೇನು ಅಜ್ಜಿ ಬಂದು ಕಾಫಿ ಕಾಯಿಸುತ್ತಾಳೆ ಎಂದು ಮಗ್ಗುಲು ಬದಲಿಸುತ್ತೇವೆ.

ಈ ವರ್ಷ ಆ ಟಪ್ಪು 'ಬುಸ್' ಆಗತೊಡಗಿತು. ನಾನು ಬಿಚ್ಚಿ ನೋಡುತ್ತೇನೆಂದರೆ, ಅಜ್ಜಿ ತನಗೂ ಹಾಗೇ ಆಗಿದೆ, ತನ್ನನ್ನೂ ಬಿಚ್ಚುತ್ತೀಯೇನು ಎಂದಳು. ಅಷ್ಟರಲ್ಲಿ ಅವಳು ಮರಳವಾಡಿಗೆ, ನಮ್ಮ ಅತ್ತೆಯ ಮಗಳ ಬಾಣಂತನಕ್ಕೆ ಹೊರಡಬೇಕಾಯಿತು. ಬಸ್ಸು ಹತ್ತುವಾಗ ಅವಳು ಹೇಳಿದ್ದು ಇಷ್ಟೆ: "ಕೋವಿ ತಂಟೆಗೆ ಮಾತ್ರ ಹೋಗ್ಬ್ಯಾಡ ಕಣ್ಲಾ." ನಾನು ಆ ಮಾತನ್ನು ಅಲ್ಲೇ ಅವಳ ದನಿಯಲ್ಲಿ, ಅವಳ ಹಾಗೇ ಸೆರಗು ಸೊಂಟಕ್ಕೆ ಸಿಕ್ಕಿಸುವ ಅಭಿನಯದೊಂದಿಗೆ ಒಪ್ಪಿಸಿದೆ. ಬಸ್ಸೆಲ್ಲ ನಕ್ಕಿತು, ಅಜ್ಜಿಯೂ ನಕ್ಕಳು. ನಕ್ಕ ಮೇಲೆ ಅದು ಆಜ್ಞೆಯಲ್ಲ, ಸಲಹೆ ಮಾತ್ರ ಎಂದು ತೀರ್ಮಾನಿಸಿ ಮನೆಗೆ ಬಂದೆ.

ನಮ್ಮ ಕಡೆ ವಸ್ತುವನ್ನು ಕಚ್ಚಿ ಹಿಡಿಯುವ ವೈಸು ಎಂಬ ಉಪಕರಣವನ್ನು ಯಾರೂ ಕೊಳ್ಳುವುದಿಲ್ಲ. ಬಾಗಿಲ ಸಂದಿ ಇರುತ್ತದಲ್ಲ. ಬಾದಾಮಿ ಒಡೆಯಲು, ಸೊಟ್ಟ ಮೊಳೆ ನೆಟ್ಟಗೆ ಮಾಡಲು, ಬಿಗಿ ಮುಚ್ಚಳ ಬಿಚ್ಚಲು ಬಾಗಿಲಿಗೂ ಚೌಕಟ್ಟಿಗೂ ನಡುವಿನ ಆ ಸಂದಿಯೇ ನಮ್ಮ ವರ್ಕ್‌ಶಾಪು. ನಾನೂ ಕೋವಿಯ ಮರದ ಹಿಡಿಯನ್ನು ಅಲ್ಲಿಟ್ಟು, ಬಾಗಿಲನ್ನು ಸೊಂಟದಿಂದ ಒತ್ತಿ ಹಿಡಿದು, ಹಿಂದಿನ ತಿರುಪು ಬಿಚ್ಚತೊಡಗಿದೆ. ಮುದುಡಿ ಕೂತ ಸ್ಪ್ರಿಂಗಿಗೆ ಬಹಳ ವರ್ಷಗಳ ಸಿಟ್ಟಿರುತ್ತದೆಂದು ನನಗಾರು ಹೇಳಬೇಕು? ಅದು ನನ್ನ ಕಿವಿ ಸವರಿಕೊಂಡು ಹೋಗಿ, ಗೋಡೆಯ ಕ್ಯಾಲೆಂಡರು ಕೆಡವಿ, ಅಮ್ಮ ರುಬ್ಬಿಟ್ಟಿದ್ದ ದೋಸೆ ಹಿಟ್ಟಿನಲ್ಲಿ ಮುಳುಗಿತು. ನಾನು ಬೆಚ್ಚಿ ಬಾಗಿಲನ್ನು ಇನ್ನಷ್ಟು ಒತ್ತಿದೆ. ಹಿಡಿ ಕುತ್ತಿಗೆಯಲ್ಲಿ ಲಟಕ್ಕೆಂದು ಎರಡಾಯಿತು. ಒಳಗೆ ಗಾಳಿ ಸೋರದಂತೆ ತಡೆಯುವ ಚರ್ಮದ ವಾಷರು ಮುಟ್ಟಿದೊಡನೆ ಹಪ್ಪಳದಂತೆ ಪುಡಿಯಾಯಿತು. ಅಮ್ಮ ಹಿಟ್ಟಿನೊಳಗಿಂದ ಸ್ಪ್ರಿಂಗನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅವ್ವ ಬರೋದ್ರೊಳ್ಗೆ ನೀನೇ ಎಲ್ಲಾರ ಹೊಂಟೋಗು" ಎಂದಳು. ನಗಲು ಹೋದೆ, ಆಗಲಿಲ್ಲ. ಆ ಟಪ್ಪು ಹೋದರೆ ಅಜ್ಜಿಗೆ ತಾತ ಇನ್ನೊಮ್ಮೆ ಹೋದ ಹಾಗೆ. ಅದು ನನಗೆ ಹೊಳೆದದ್ದು ಮುರಿದ ಹಿಡಿಯ ಎರಡು ತುಂಡೂ ಕೈಯಲ್ಲಿದ್ದಾಗ.

ಕೋತಿಗಳಿಗೆ ಸುದ್ದಿ ಮುಟ್ಟಿತು. ಮರುದಿನದಿಂದ ನಾನು ಬರೀ ನಳಿಗೆ ಹಿಡಿದು ತೋಟದಲ್ಲಿ ನಿಂತು ಬಾಯಲ್ಲೇ ಟಪ್ ಎನ್ನತೊಡಗಿದೆ. ಮೊದಮೊದಲು ಓಡಿದವು, ನನಗೂ ಕಲಾವಿದನ ಹೆಮ್ಮೆ. ಕ್ರಮೇಣ ದೊಡ್ಡ ಗಡವ ಒಂದು ಕೊಂಬೆಯ ಮೇಲೆ ಆಸೀನವಾಗಿ, ಕಾಯಿ ತಿನ್ನುತ್ತ, ಮದುವೆಮನೆಯ ಮುಂದಿನ ಸಾಲಿನಲ್ಲಿ ಕೂತ ಬೀಗರ ಹಾಗೆ ನನ್ನನ್ನು ನೋಡತೊಡಗಿತು. ಇಷ್ಟು ನಿರ್ದಯ ಪ್ರೇಕ್ಷಕರನ್ನು ನಾನು ಕನಕಪುರದಲ್ಲೂ ಕಂಡಿಲ್ಲ.

ವಾಷರಿಗೆ ಮಾಗಡಿ ಬಸ್‌ಸ್ಟ್ಯಾಂಡಿನ ಸೈಕಲ್ ಶಾಪ್ ಕೆಂಪಣ್ಣನೇ ಗತಿ. ಕಷ್ಟವೆಂದರೆ, ಮಾತಿಗೊಮ್ಮೆ ಕೆಮ್ಮುವ ಕೆಂಪಣ್ಣನನ್ನು ಊರೆಲ್ಲ ಅನುಕರಿಸಿ ನಗಿಸಿದವನು ನಾನು, ಅದು ಅವನಿಗೆ ಗೊತ್ತು. ಸಂಗತಿ ಕೇಳಿದವನು ತಾನು ಈ ತಾಲೂಕಿನಲ್ಲಿ ಗಾಳಿಗೆ ಸಂಬಂಧಪಟ್ಟ ಎಲ್ಲದಕ್ಕೂ ದೊರೆ ಎಂದು ಬಹಳ ಹೊತ್ತು ಕೊಚ್ಚಿಕೊಂಡು, ಕೊನೆಗೆ ಸ್ಟೂಲು ಎಳೆದು ಕೂತ. "ಮೊದ್ಲು ನನ್ ತರ ಒಸಿ ಮಾತಾಡ್ ತೋರ್ಸು. ಆಮ್ಯಾಕೆ ವಾಷರು." ಬಸ್ಸಿಗೆ ಕಾದವರೆಲ್ಲ ನೋಡುತ್ತಿದ್ದರು. ನಾನು ಬೆವೆತು, ಕೆಮ್ಮಿ, ಮಾತಾಡಿದೆ. ಅವನು ನಗಲಿಲ್ಲ. ತಾನು ಮೊದಲು ಮಾತಾಡಿ ಆಮೇಲೆ ಕೆಮ್ಮುವುದೆಂದೂ, ನಾನು ಉಲ್ಟಾ ಮಾಡುತ್ತಿದ್ದೇನೆಂದೂ ಹೇಳಿ, ತಾನೇ ಕೆಮ್ಮಿ ತೋರಿಸಿ, ಇನ್ನೊಮ್ಮೆ ಮಾಡಿಸಿದ. ಆಮೇಲೆ ಸೈಕಲ್ ಪಂಪಿನ ಬಟ್ಟಲಂಥ ಚರ್ಮದ ವಾಷರೊಂದನ್ನು ಹುಡುಕಿ, ಅಂಚು ಹೆರೆದು, ಹರಳೆಣ್ಣೆಯಲ್ಲಿ ನೆನೆಹಾಕಿ ಕೊಟ್ಟ. ಈಗ ನನ್ನ ಕೆಂಪಣ್ಣ ಮೊದಲಿಗಿಂತ ಬಹಳ ಸುಧಾರಿಸಿದ್ದಾನೆ. ಆ ಋಣವೂ ಅವನದೇ.

ಹಿಡಿಗೆ ಚನ್ನಪಟ್ಟಣದ ಸಲೀಮನ ಬಳಿ ಓಡಿದೆ. ನನ್ನ ಜೊತೆ ಓದಿದವನು, ಬೊಂಬೆ ತಿರುಗಿಸುವ ಲೇತು ಅವನದು. ಮುರಿದ ತುಂಡುಗಳ ನಡುವೆ ಮರದ ಗೂಟ ಹೊಡೆದು ಅಂಟು ಹಾಕಿದ. ಬಿರುಕಿನ ಮೇಲೆ ಬಿಗಿಯಾಗಿ ಕೂರುವ ಹಾಗೆ ಹಾಲೆಮರದ ಒಂದು ದುಂಡನೆಯ ಪಟ್ಟಿಯನ್ನೂ ಲೇತಿನಲ್ಲಿ ತಿರುಗಿಸಿದ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಟೀ ತರಲು ಹೋಗಿ ಬರುವಷ್ಟರಲ್ಲಿ ಅಭ್ಯಾಸಬಲದಿಂದ ಬಣ್ಣದ ಅರಗಿನ ಕಡ್ಡಿ ಒತ್ತಿಬಿಟ್ಟಿದ್ದ: ಕೆಂಪು, ಹಳದಿ, ಹಸಿರು, ಮತ್ತೆ ಕೆಂಪು. ಅಪ್ಪಟ ಚನ್ನಪಟ್ಟಣದ ಬಳೆ. ಇದು ಕೋವಿ ಕಣೋ ಎಂದರೆ, ಬಣ್ಣವಿಲ್ಲದ್ದು ತನ್ನ ಲೇತಿನಿಂದ ಇಳಿದದ್ದೇ ಇಲ್ಲ, ಬೇಕಾದರೆ ಕಣ್ಣು ಮೂಗೂ ಬರೆದುಕೊಡುತ್ತೇನೆ ಎಂದ. ಅವನಿಗೂ ಕೈ ಮುಗಿದು ಬಂದೆ.

ಕೆಂಪಣ್ಣನೇ ತೋಟಕ್ಕೆ ಬಂದು, ತನ್ನ ಪೂರ್ತಿ ಭಾರ ಹಾಕಿ ಸ್ಪ್ರಿಂಗನ್ನು ಅದುಮಿ ಹಿಡಿದ. ನಾನು ತಿರುಪು ಬಿಗಿದೆ. ಸಾಲದೆಂದು ಅವನಿಗೆ ಕಾಣದಂತೆ ಇನ್ನೊಂದಿಷ್ಟು ಹರಳೆಣ್ಣೆ ಸುರಿದೆ. ಮೊದಲ ಹೊಡೆತಕ್ಕೆ ಒಳಗಿನ ಎಣ್ಣೆಯೇ ಹೊತ್ತಿಕೊಂಡು, ಢಂ ಎಂದು ದೀಪಾವಳಿಯಾಗಿ, ನೀಲಿ ಹೊಗೆ ಬಂತು. ಗಡವ ಸಂಸಾರ ಸಮೇತ ಸಾವನದುರ್ಗದ ಕಡೆ ಹೊರಟಿತು. ಕೆಂಪಣ್ಣ ಮಾತು ಮರೆತು ಬರೀ ಕೆಮ್ಮಿದ. ಹೊಡೆಯುತ್ತ ಹೊಡೆಯುತ್ತ ಎಣ್ಣೆ ತೀರಿ ಶಬ್ದ ಇಳಿಯಿತು. ಬುಸ್ ಅಲ್ಲ, ನಾನು ಮಗುವಾಗಿದ್ದಾಗ ಕೇಳಿದ ಆ ಟಪ್. ನನಗಂತೂ ಹಾಗೆನಿಸಿತು. ಆದರೆ ತೀರ್ಪು ಕೊಡಬೇಕಾದ ಕಿವಿ ಮರಳವಾಡಿಯಲ್ಲಿತ್ತು.

ಅದು ಮುಂದಿನ ವಾರವೇ ಬಂತು. ಬಂದ ಮರುಬೆಳಿಗ್ಗೆ ಅಜ್ಜಿ ಗೂಟದಿಂದ ಕೋವಿ ಇಳಿಸಿದಳು. ಬಳೆಯನ್ನು ತಿರುಗಿಸಿ ನೋಡಿದಳು, ನನ್ನನ್ನೂ ನೋಡಿದಳು, ತೋಟಕ್ಕೆ ಹೋದಳು. ನಾನು ಜಗಲಿಯ ಮೇಲೆ ಕೂತು ಸುಳ್ಳುಗಳನ್ನು ಬೇರೆ ಬೇರೆ ದನಿಗಳಲ್ಲಿ ತಾಲೀಮು ಮಾಡಿದೆ. ಬೇಲಿಯ ಕೊನೆಯಿಂದ 'ಟಪ್' ಎಂದಿತು. ನಾನು ಕಿವಿ ನಿಮಿರಿಸಿ ಕೂತಲ್ಲೇ ಕೂತೆ.

ಅಜ್ಜಿ ನಿಧಾನವಾಗಿ ನಡೆದು ಬಂದು, ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ, ತಾತ ಕೂರುತ್ತಿದ್ದ ಕಂಬಕ್ಕೆ ಒರಗಿ ಕೂತಳು. ಕಣ್ಣಂಚನ್ನು ಸೆರಗಿನಿಂದ ಒರೆಸಿಕೊಂಡಳು. ನಾನು ತಯಾರಿಸಿದ ದನಿಗಳೆಲ್ಲ ಕೈಕೊಟ್ಟು, ನನ್ನದೇ ದನಿಯಲ್ಲಿ ಬಾಗಿಲ ಸಂದಿಯಿಂದ ಹಿಡಿದು ಬಳೆಯವರೆಗೆ ಎಲ್ಲ ಹೇಳಿ, ಶಬ್ದ ತಾತನದೇ ತರ ಇದೆಯಾ ಅಜ್ಜಿ ಎಂದು ಕೇಳಿದೆ. ಅವಳು ಒಳಗೆ ತಣ್ಣಗಿದ್ದ ಒಲೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು.

"ಟಪ್ ಅಂದು ಎಷ್ಟೊತ್ತಾಯ್ತು, ಇನ್ನೂ ಕಾಫಿ ತರ್ದೆ, ನಿಮ್ ತಾತಂದೇ ತರ ಐತಾ ಅಂತ ಕೇಳ್ತಾ ಕುಂತಿದ್ದೀಯಲ್ಲಾ, ಏಳ್ಲಾ ಮ್ಯಾಕೆ."